ಸಿಮೆಂಟ್ ಧೂಳು ಮತ್ತು ಹೊಲದ ಮಣ್ಣು

ರಾಜ್ಯದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಸುಣ್ಣಕಲ್ಲು ಹೇರಳವಾಗಿರುವ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡಗಳಲ್ಲಿ ನೆಲೆಗೊಂಡಿದ್ದರೂ, ಕೈಗಾರಿಕಾ ಪ್ರದೇಶವುಳ್ಳ ನಂಜನಗೂಡು ಹಾಗೂ ನೆರೆಯ ಟಿ. ನರಸೀಪುರದ ಕೃಷಿಕರೂ ಸಿಮೆಂಟ್ ಧೂಳಿನ ಗುಣವನ್ನು ಅರಿತಿರುವುದು ಅಗತ್ಯ. ಶೇ. 60ಕ್ಕೂ ಹೆಚ್ಚು ಕ್ಯಾಲ್ಸಿಯಂ ಆಕ್ಸೈಡ್ ಅಂಶವಿರುವ ಸಿಮೆಂಟ್, ತೇವ ತಗುಲಿದೊಡನೆ ಕ್ಷಾರವಾಗಿ ವರ್ತಿಸಿ, ಮಣ್ಣಿನ ರಸಸಾರವನ್ನು, ಅಂದರೆ 7ನ್ನು ತಟಸ್ಥವೆಂದು ಪರಿಗಣಿಸುವ ಆಮ್ಲ–ಕ್ಷಾರದ ಅಳತೆಯನ್ನು, ಮೇಲಕ್ಕೇರಿಸುತ್ತದೆ. ಅದು 8ನ್ನು ದಾಟಿದಾಗ ಕಬ್ಬಿಣ, ಸತು, ಮ್ಯಾಂಗನೀಸ್‌ಗಳು ಮಣ್ಣಿನಲ್ಲಿದ್ದರೂ ಸುಲಭವಾಗಿ ಕರಗದೆ ಬೇರಿಗೆ ದಕ್ಕದಂತಾಗುವುದರಿಂದ, ಎಳೆಯ ಎಲೆಗಳ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಗಟ್ಟುತ್ತದೆ. ಇಬ್ಬನಿಯೊಡನೆ ಬೆರೆತ ಧೂಳು ಗಟ್ಟಿ ಪೊರೆಯಾಗಿ, ಎಲೆ ಉಸಿರಾಡುವ ಪತ್ರರಂಧ್ರಗಳನ್ನು ಮುಚ್ಚುತ್ತದೆ. ನೆಲಕ್ಕಿಳಿದ ಧೂಳನ್ನು ಮರಳಿ ತೆಗೆಯುವುದು ಕಷ್ಟವಾದ್ದರಿಂದ, ಚಿಮಣಿಯಲ್ಲೇ ಅದನ್ನು ಬಟ್ಟೆಚೀಲದ ಶೋಧಕಗಳಿಂದ ತಡೆಯುವುದೂ, ಹೊಲದಲ್ಲಿ ಮಣ್ಣು ಪರೀಕ್ಷೆಯ ಆಧಾರದ ಮೇಲೆ ಸಾವಯವ ಗೊಬ್ಬರ ಮತ್ತು ಸತುವನ್ನು ಒದಗಿಸುವುದೂ ಕಾರ್ಯಸಾಧ್ಯವಾದ ಮಾರ್ಗಗಳು.