ಗಿರಿರಾಜನ ಮರಿಗೆ ತಾಯಿ ಯಾರು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಹಿತ್ತಲ ಕೋಳಿ ಸಾಕುವವರ ಮುಂದೆ ಗಿರಿರಾಜದ ಮಾತೆತ್ತಿದರೆ ಬರುವ ಉತ್ತರ ಹೆಚ್ಚುಕಡಿಮೆ ಇಂಥದ್ದು: 'ಮರಿ ತಂದ್ವಿ, ನಾಕು ದಿನ ಚಲೋ ಇದ್ದುವು, ಆಮ್ಯಾಲೆ ಒಂದೊಂದ ಹೋದುವು. ನಮ್ಮ ಜವಾರೀನ ಪಾಡರಿ.' ಮರಿ ಸತ್ತದ್ದು ನಿಜ, ದುಡ್ಡು ಹೋದದ್ದೂ ನಿಜ. ಆದರೆ ಅಷ್ಟರಿಂದ ತಳಿಯೇ ಬಡಕಲು ಎಂದು ತೀರ್ಮಾನಿಸುವುದು ಸರಿಯಲ್ಲ. ತಿಪ್ಪೆ ಕೆದರುತ್ತಿರುವ ಜವಾರಿ ಮರಿಯ ಪಕ್ಕದಲ್ಲಿ ಅದರ ತಾಯಿ ಇರುತ್ತದೆ. ಯಂತ್ರದ ಕಾವಿನಲ್ಲಿ ಹುಟ್ಟಿ, ರಟ್ಟಿನ ಡಬ್ಬಿಯಲ್ಲಿ ಊರಿಗೆ ಬಂದ ಮರಿಗೆ ಯಾರೂ ಇರುವುದಿಲ್ಲ. ತಾಯಿ ಇರುವ ಮರಿಯನ್ನೂ ತಬ್ಬಲಿ ಮರಿಯನ್ನೂ ಅಕ್ಕಪಕ್ಕ ನಿಲ್ಲಿಸಿ ನಾವು ತಳಿಗಳ ಹೋಲಿಕೆ ಮಾಡುತ್ತಿದ್ದೇವೆ. ತಾಯಿಕೋಳಿ ಮಾಡುವ ಕೆಲಸವನ್ನು ಸಾಕುವವರು ತಮ್ಮ ಕೈಗೆ ತೆಗೆದುಕೊಂಡರೆ, ಅದರಲ್ಲೂ ಮರಿಯನ್ನು ಹಳೆಯ ಹಿಂಡಿಗೆ ಸೇರಿಸುವ ಕೊನೆಯ ಕೆಲಸವನ್ನು ಅರ್ಧಕ್ಕೆ ಬಿಡದಿದ್ದರೆ, ಈ ಕೋಳಿಗಳು ಇದೇ ಸೀಮೆಯಲ್ಲಿ ಬಾಳುತ್ತವೆ ಎಂಬುದು ನನ್ನ ವಾದ.

ಗಿರಿರಾಜ ತಳಿ ರೂಪುಗೊಂಡದ್ದು 1989ರಲ್ಲಿ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ. ಆಗ ಆ ಕಾಲೇಜು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. ಸ್ವರ್ಣಧಾರಾ ಎಂಬ ಇನ್ನೊಂದು ತಳಿ ಬಂದದ್ದು 2005ರಲ್ಲಿ. ಎರಡನ್ನೂ ಹಿತ್ತಲಿಗೆಂದೇ ಸಿದ್ಧಪಡಿಸಿದರು. ಜವಾರಿ ಹ್ಯಾಟೆ ವರ್ಷಕ್ಕೆ 60–70 ಮೊಟ್ಟೆ ಇಟ್ಟರೆ ಗಿರಿರಾಜ 130ರಿಂದ 150 ಇಡುತ್ತದೆ, ಸ್ವರ್ಣಧಾರಾ 180ರ ಸುತ್ತಮುತ್ತ. ಈ ಹೆಚ್ಚಿನ ಮೊಟ್ಟೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಜವಾರಿ ಹ್ಯಾಟೆ ಒಂದು ಸುತ್ತು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಕಾವು, ಆಮೇಲೆ ಒಂದೂವರೆ ಎರಡು ತಿಂಗಳು ಮರಿಗಳ ಹಿಂದೆ ಓಡಾಟ. ಅಷ್ಟೂ ದಿನ ಮೊಟ್ಟೆ ನಿಂತಿರುತ್ತದೆ. ವರ್ಷದಲ್ಲಿ ಎರಡು ಮೂರು ಸಲ ಹೀಗಾದರೆ ಅರ್ಧ ವರ್ಷವೇ ಕಳೆದುಹೋಯಿತು. ಸುಧಾರಿತ ತಳಿಗಳು ಕಾವಿಗೆ ಕೂರುವುದು ತೀರ ಕಡಿಮೆ. ಅವುಗಳ ಹೆಚ್ಚಿನ ಮೊಟ್ಟೆಯಲ್ಲಿ ದೊಡ್ಡ ಪಾಲು ಹೀಗೆ ತಾಯ್ತನವನ್ನು ಬಿಟ್ಟುಕೊಟ್ಟು ಗಳಿಸಿದ್ದು. ಕೋಳಿ ಬಿಟ್ಟ ಕೆಲಸ ಇಲ್ಲವಾಗಲಿಲ್ಲ, ಸಾಕುವವರ ಹೆಗಲಿಗೆ ಬಂತು. ಮರಿ ಹಂಚುವವರು ಮೊಟ್ಟೆಯ ಲೆಕ್ಕ ಹೇಳಿದಷ್ಟು ಒತ್ತಿ ಈ ಮಾತನ್ನೂ ಹೇಳಬೇಕಿತ್ತು.

ತಾಯಿಯ ಕೆಲಸ ಏನೇನು ಎಂದು ಬಿಡಿಸಿ ನೋಡಿದರೆ ಬೆರಗಾಗುತ್ತದೆ. ಮೊದಲನೆಯದು ಕಾವು. ಮೈಮೇಲೆ ಬರೀ ನವುರು ತುಪ್ಪಳ ಇರುವ ಮರಿಗೆ ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಗರಿ ಮೂಡಲು ನಾಲ್ಕರಿಂದ ಆರು ವಾರ ಬೇಕು. ಎರಡನೆಯದು ಉಣ್ಣುವ ಪಾಠ. ನೆಲದ ಮೇಲಿನದರಲ್ಲಿ ಯಾವುದು ಕಾಳು, ಯಾವುದು ಕಲ್ಲು ಎಂದು ಮರಿಗೆ ಹುಟ್ಟುತ್ತಲೇ ಪೂರ್ತಿ ಗೊತ್ತಿರುವುದಿಲ್ಲ. ತಾಯಿ ಕೆದರಿ, ಕೊಕ್ಕಿನಿಂದ ಎತ್ತಿ ಬೀಳಿಸಿ, ಕರೆದು ತೋರಿಸುತ್ತದೆ. ಕ್ರಿಸ್ಟೀನ್ ನಿಕೋಲ್ ಮತ್ತು ಪೋಪ್ ಎಂಬ ಬ್ರಿಟಿಷ್ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರುಚಿಗೆಟ್ಟದ್ದೆಂದು ತನಗೆ ತಿಳಿದಿದ್ದ ಬಣ್ಣದ ಮೇವನ್ನು ಮರಿಗಳು ತಿನ್ನುವಂತೆ ಕಂಡಾಗ ಹ್ಯಾಟೆ ಒಳ್ಳೆಯ ಮೇವಿನತ್ತ ಅವನ್ನು ಸೆಳೆಯಲು ಇನ್ನೂ ಜೋರಾಗಿ ಕೆದರಿ ಕುಕ್ಕಿತು. ಮರಿಯ ತಪ್ಪು ಕಂಡು ತಿದ್ದುವ ಪ್ರಾಣಿ ಇದು. ಮೂರನೆಯದು ಎಚ್ಚರಿಕೆ. ಮೇಲೆ ಹದ್ದು ಸುಳಿದರೆ ಒಂದು ಕೂಗು, ನೆಲದ ಮೇಲೆ ಮುಂಗುಸಿಯೋ ನಾಯಿಯೋ ಬಂದರೆ ಬೇರೆಯೇ ಕೂಗು. ನಾಲ್ಕನೆಯದನ್ನು ನಾವು ಗಮನಿಸುವುದೇ ಕಡಿಮೆ: ಮೊದಲ ದಿನದಿಂದಲೇ ತಾಯಿ ಮರಿಗಳನ್ನು ಹಿಂಡಿನ ನಡುವೆ ಓಡಾಡಿಸುತ್ತದೆ. ಬೇರೆ ಕೋಳಿ ಕುಕ್ಕಲು ಬಂದರೆ ರೆಕ್ಕೆ ಕೆದರಿ ಮೇಲೆ ಬೀಳುತ್ತದೆ. ಎರಡು ತಿಂಗಳ ಹೊತ್ತಿಗೆ ತಾನೇ ಮರಿಗಳನ್ನು ಕುಕ್ಕಿ ದೂರ ಮಾಡುತ್ತದೆ. ಅಷ್ಟರಲ್ಲಿ ಯಾವ ಹ್ಯಾಟೆಯ ಮುಂದೆ ತಲೆ ತಗ್ಗಿಸಬೇಕು, ಯಾವ ಹುಂಜನ ದಾರಿ ಬಿಡಬೇಕು ಎಂಬುದನ್ನು ಮರಿ ಕಲಿತಿರುತ್ತದೆ; ಹಿಂಡಿಗೂ ಅದರ ಗುರುತು ಸಿಕ್ಕಿರುತ್ತದೆ. ಜವಾರಿ ಮರಿಯನ್ನು ಹಿಂಡಿಗೆ ಸೇರಿಸಲು ನಮ್ಮ ಹಿರಿಯರು ಏನೂ ಮಾಡಲಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬಹುದು. ತಾಯಿಕೋಳಿಯೇ ಎಲ್ಲವನ್ನೂ ಮಾಡುತ್ತಿದ್ದುದರಿಂದ ಅವರು ಮಾಡಬೇಕಾಗಿರಲಿಲ್ಲ.

ಹಿಂಡಿನೊಳಗೆ ಮೇಲುಕೆಳಗಿನ ಒಂದು ಸಾಲು ಇರುತ್ತದೆ ಎಂಬುದನ್ನು ವಿಜ್ಞಾನದ ಕಣ್ಣಿಂದ ಮೊದಲು ದಾಖಲಿಸಿದವನು ನಾರ್ವೆಯ ಥಾರ್ಲೀಫ್ ಶೆಲ್ಡರುಪ್-ಎಬ್ಬೆ. ಎಳೆಯ ವಯಸ್ಸಿನಿಂದ ಕೋಳಿಗಳನ್ನು ನೋಡಿಕೊಂಡೇ ಬೆಳೆದ ಆತ, ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ, ಯಾವುದರಿಂದ ಕುಕ್ಕಿಸಿಕೊಳ್ಳುತ್ತದೆ ಎಂಬುದಕ್ಕೆ ಕ್ರಮವಿದೆ ಎಂದು 1922ರಲ್ಲಿ ಜರ್ಮನ್ ಭಾಷೆಯ ಪ್ರಬಂಧದಲ್ಲಿ ತೋರಿಸಿದ. ಕ್ರಮ ಒಮ್ಮೆ ಗಟ್ಟಿಯಾದರೆ ಹಿಂಡು ಶಾಂತವಾಗುತ್ತದೆ, ಜಗಳವಾಡುವ ಅಗತ್ಯವೇ ಬೀಳುವುದಿಲ್ಲ. ಹೊಸ ಕೋಳಿ ಬಂದರೆ ಆ ಸಾಲು ಒಡೆಯುತ್ತದೆ. 1944ರಲ್ಲಿ ಅಮೆರಿಕದ ಗೂಲ್ ಮತ್ತು ಆಲೀ, ಸ್ಥಿರವಾದ ಹಿಂಡುಗಳನ್ನೂ ಸದಸ್ಯರನ್ನು ಪದೇ ಪದೇ ಬದಲಿಸಿದ ಹಿಂಡುಗಳನ್ನೂ ಹೋಲಿಸಿ ನೋಡಿದರು. ಬದಲಾಗುತ್ತಿದ್ದ ಹಿಂಡುಗಳಲ್ಲಿ ಕೋಳಿಗಳು ಹೆಚ್ಚು ಕಾದಾಡಿದವು, ಕಡಿಮೆ ತಿಂದವು, ಮೊಟ್ಟೆಯನ್ನೂ ಕಡಿಮೆ ಇಟ್ಟವು. ಅಂದರೆ ಸೇರಿಸುವ ಕೆಲಸ ಕೆಟ್ಟರೆ ಹೊಸ ಮರಿಗಷ್ಟೇ ಪೆಟ್ಟಲ್ಲ, ಮನೆಯ ಹಳೆಯ ಹ್ಯಾಟೆಗಳ ಮೊಟ್ಟೆಗೂ ಪೆಟ್ಟು.

ಕಾವಿನ ವಿಷಯ ಬೇಗ ಹೇಳಿ ಮುಗಿಸಬಹುದು. ಮೊದಲ ವಾರ ಮರಿಯ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಮರಿಗೆ ಎರಡು ವ್ಯಾಟ್‌ನಂತೆ ಹಳೇ ನಮೂನೆಯ ತಂತಿ ಬಲ್ಬು ಲೆಕ್ಕ ಹಾಕುತ್ತಾರೆ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಸಾಲುವಷ್ಟು ಶಾಖ ಕೊಡುವುದಿಲ್ಲ ಎಂಬುದನ್ನು ಮರೆತು ಮರಿ ಕಳೆದುಕೊಳ್ಳುವುದುಂಟು. ಕರೆಂಟ್ ಹೋದ ರಾತ್ರಿಗೆ ಗಡಿಗೆಯಲ್ಲಿ ಕೆಂಡ ಇಡಬಹುದು, ಹೊಗೆ ಹೋಗಲು ದಾರಿ ಇರಬೇಕು. ಮರಿಗಳು ಗುಂಪುಗೂಡಿ ಒಂದರ ಮೇಲೊಂದು ಬಿದ್ದರೆ ಚಳಿ, ಶಾಖದಿಂದ ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಎಲ್ಲ ಕಡೆ ಹರಡಿಕೊಂಡಿದ್ದರೆ ಹದ. ನೆಲಕ್ಕೆ ಹಾಸಲು ರಾಮದುರ್ಗ, ಸವದತ್ತಿ ಕಡೆ ಶೇಂಗಾ ಸಿಪ್ಪೆ, ಕಿತ್ತೂರಿನ ಕಡೆ ಭತ್ತದ ಹೊಟ್ಟು ಸಿಗುತ್ತದೆ. ಕಿತ್ತೂರಿನ ಮಳೆಗಾಲದಲ್ಲಿ ಹಾಸು ಹಸಿಯಾದರೆ ರಕ್ತಭೇದಿ ಬರುತ್ತದೆ, ದಿನಾ ಕೈಯಾಡಿಸಿ ಒಣಗಿಸಬೇಕು. ನುಚ್ಚಿನ ಜೊತೆಗೆ ಶೇಂಗಾ ಹಿಂಡಿ ಕೊಡುವುದು ಒಳ್ಳೆಯದೇ, ಆದರೆ ಬೂಷ್ಟು ಹಿಡಿದರೆ ಹಿಂಡಿಯೂ ಗೋವಿನಜೋಳವೂ ಮರಿಗೆ ವಿಷ.

ಕಾವು ಮುಗಿದ ಮೇಲೆ ಬಹಳ ಮನೆಗಳಲ್ಲಿ ಗಮನವೂ ಮುಗಿಯುತ್ತದೆ. ಐದಾರು ವಾರದ ಮರಿಯನ್ನು ಒಂದು ಬೆಳಿಗ್ಗೆ ಹಿತ್ತಲಿಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಮರಿ ಸಾಯುವುದು ಆಗ. ಸೇರಿಸುವ ಕೆಲಸಕ್ಕೂ ಮೆಟ್ಟಿಲುಗಳಿವೆ, ಮೊದಲನೆಯದು ರೋಗದ್ದು. ಸಂತೆಯಿಂದ ತಂದ ಕೋಳಿ ನಾಲ್ಕಾರು ಊರಿನ ಕೋಳಿಗಳ ಜೊತೆ ಒಂದೇ ಬುಟ್ಟಿಯಲ್ಲಿ ಕೂತು ಬಂದಿರುತ್ತದೆ. ಇನ್ನೊಂದು ಕಡೆ, ಮನೆಯ ಹಳೆಯ ಕೋಳಿಗಳು ನೋಡಲು ಗಟ್ಟಿಮುಟ್ಟಾಗಿದ್ದರೂ ರಕ್ತಭೇದಿಯ ಜೀವಿಯನ್ನು ಹಿಕ್ಕೆಯಲ್ಲಿ ಹೊರಹಾಕುತ್ತಿರಬಹುದು. ಭಯ ಎರಡೂ ಕಡೆಗಿದೆ. ಎರಡು ಮೂರು ವಾರ ದೂರ ಇಡುವುದು ಎರಡಕ್ಕೂ ಕಾವಲು. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತಿಗೆ, ಮೊದಲ ವಾರದಲ್ಲಿ ಕಣ್ಣಿಗೆ ಲಸಿಕೆಯ ಹನಿ, ನಾಲ್ಕನೇ ವಾರದ ಹೊತ್ತಿಗೆ ಮತ್ತೆ ಲಸೋಟಾ ಲಸಿಕೆ, ಎಂಟನೇ ವಾರದ ಹೊತ್ತಿಗೆ ಆರ್‌ಟುಬಿ ಚುಚ್ಚುಮದ್ದು ಆಗಬೇಕು. ಒಂದು ಶೀಶೆಯಲ್ಲಿ ನೂರಾರು ಕೋಳಿಗೆ ಸಾಲುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಕೆಲವೇ ತಾಸಿನಲ್ಲಿ ಮುಗಿಸಬೇಕು. ಹಾಗಾಗಿ ಒಂದೇ ಓಣಿಯವರು ಕೂಡಿ ಒಂದೇ ದಿನ ಹಾಕಿಸುವುದು ಲೇಸು.

ಎರಡನೆಯ ಮೆಟ್ಟಿಲು ಕಣ್ಣಿನ ಪರಿಚಯ. ಕೊಕ್ಕಿಗೆ ಎಟುಕದಂತೆ, ಆದರೆ ಕಾಣುವಂತೆ, ಮರಿಗಳನ್ನು ಹಿಂಡಿನ ಪಕ್ಕದಲ್ಲಿ ವಾರ ಹತ್ತು ದಿನ ಇಡಬೇಕು. ಇದಕ್ಕೆ ಹೊಸ ಸಾಮಾನು ಬೇಡ: ದೊಡ್ಡ ಕಿಂಡಿಯ ಬಿದಿರು ಬುಟ್ಟಿಯನ್ನು ಅಂಗಳದಲ್ಲಿ ಬೋರಲು ಹಾಕಿ, ಒಳಗೆ ಮರಿ ಬಿಟ್ಟು, ಬುಟ್ಟಿಯ ಸುತ್ತ ಕಾಳು ಚೆಲ್ಲಿದರೆ ಹಳೆಯ ಕೋಳಿಗಳು ಹೊರಗೆ, ಹೊಸವು ಒಳಗೆ, ಎದುರುಬದುರು ನಿಂತು ಮೇಯುತ್ತವೆ. ಮರಿ ಹೆಚ್ಚಿದ್ದರೆ ಹಳೇ ಮೀನುಬಲೆಯನ್ನೋ ಕಣಕಿಯ ತಡಿಕೆಯನ್ನೋ ಅಡ್ಡ ಕಟ್ಟಬಹುದು. ಬಿಡುವಾಗ ವಯಸ್ಸಿನ ಲೆಕ್ಕಕ್ಕಿಂತ ಮೈಗಾತ್ರ ನೋಡಬೇಕು, ದೊಡ್ಡ ಕೋಳಿಯ ಮೂರರಲ್ಲಿ ಎರಡು ಪಾಲಾದರೂ ಆಗಿರಲಿ. ಗಿರಿರಾಜ ಬೇಗ ಬೆಳೆಯುವ ತಳಿಯಾದ್ದರಿಂದ ಇದು ಅದಕ್ಕೆ ಅನುಕೂಲವೇ. ಒಂಟಿಯಾಗಿ ಎಂದೂ ಬಿಡಬಾರದು: ಒಂದೇ ಮರಿ ಹೋದರೆ ಹಿಂಡಿನ ಕೊಕ್ಕೆಲ್ಲ ಅದರ ಮೇಲೆ, ಆರೆಂಟು ಹೋದರೆ ಏಟು ಹಂಚಿಹೋಗುತ್ತದೆ. ಬಿಡುವುದು ಇಕ್ಕಟ್ಟಾದ ಗೂಡಿನಲ್ಲಲ್ಲ, ಓಡಲು ಜಾಗವಿರುವ ಹಿತ್ತಲಲ್ಲಿ, ಸಂಜೆಗೆ ಒಂದೆರಡು ತಾಸು ಮುಂಚೆ. ಕತ್ತಲಾದರೆ ಜಗಳ ತಾನೇ ನಿಲ್ಲುತ್ತದೆ. ಮೇವು ನೀರು ಮೂರು ನಾಲ್ಕು ಕಡೆ ಇಡಬೇಕು. ನುಸುಳಿಕೊಳ್ಳಲು ಕಟ್ಟಿಗೆ ರಾಶಿಯೋ ಬಂಡಿಯ ಅಡಿಯೋ ಇರಬೇಕು. ರಕ್ತ ಕಂಡರೆ ಮಾತ್ರ ಕಾಯಬಾರದು. ಕೆಂಪು ಕಂಡ ಕೋಳಿ ಕುಕ್ಕುತ್ತಲೇ ಇರುತ್ತದೆ. ಗಾಯವಾದ ಮರಿಯನ್ನು ತೆಗೆದು, ಅರಿಶಿನ ಹಚ್ಚಿ, ವಾಸಿಯಾದ ಮೇಲೆ ಜೊತೆಗೊಂದು ಮರಿಯೊಡನೆ ಮತ್ತೆ ಬಿಡಬೇಕು.

'ಕೋಳಿ ಜಗಳ ಕೋಳಿಗಳೇ ಮುಗಿಸಿಕೊಳ್ತಾವ, ನಡುವೆ ನಾವ್ಯಾಕ' ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಮಬಲದ ಎರಡು ಹ್ಯಾಟೆಗಳ ಕಾಳಗ ಎರಡು ಮೂರು ದಿನದಲ್ಲಿ ಮುಗಿಯುತ್ತದೆ, ಅದನ್ನು ಬಿಡಿಸುವುದೇ ತಪ್ಪು. ಎಳೆ ಮರಿಗೆ ಆಗುವುದು ಜಗಳವಲ್ಲ, ಅಟ್ಟುವಿಕೆ. ಅದು ಮೇವಿನ ಹತ್ತಿರ ಸುಳಿಯದೆ ಮೂಲೆಯಲ್ಲಿ ನಿಲ್ಲುತ್ತದೆ, ಹಸಿವಿನಿಂದ ಸೊರಗುತ್ತದೆ, ರಾತ್ರಿ ಗೂಡಿಗೆ ಬರಲು ಹೆದರಿ ಬೇಲಿಯಲ್ಲಿ ಕೂತು ಬೆಕ್ಕಿನ ಬಾಯಿಗೆ ಬೀಳುತ್ತದೆ. ಬೆಳಿಗ್ಗೆ ಮನೆಯವರಿಗೆ ಕಾಣುವುದು ಬೆಕ್ಕು ತಿಂದ ಗರಿ ಅಥವಾ ಬತ್ತಿದ ಮರಿ, ಹಾಗಾಗಿ ತಪ್ಪು ಬೆಕ್ಕಿನದು ಅಥವಾ ತಳಿಯದು ಎನಿಸುತ್ತದೆ. ಈ ಸಾವುಗಳ ಮೂಲ ಹಿಂಡಿನೊಳಗೇ ಇರುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹಿತ್ತಲ ಕೋಳಿ ಹೆಣ್ಣುಮಕ್ಕಳ ದುಡಿಮೆ, ಮೊಟ್ಟೆಯ ದುಡ್ಡು ಅವರ ಕೈಯ ದುಡ್ಡು. ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋಗುವ ತಾಯಿಗೆ ಬಲ್ಬು, ಬುಟ್ಟಿ, ಲಸಿಕೆಯ ದಿನ, ಸಂಜೆಯ ಕಾವಲು ಎಂದು ಪಟ್ಟಿ ಕೊಟ್ಟರೆ ಆಕೆ ಇದನ್ನೆಲ್ಲ ಯಾವಾಗ ಮಾಡಬೇಕು? ಇದಕ್ಕೆ ಉತ್ತರ ಕೊಡದೆ ಯಾವ ಸಲಹೆಯೂ ನ್ಯಾಯವಾಗದು. ಐವತ್ತು ಮರಿಯ ಬದಲು ಹತ್ತು ತರಬೇಕು. ತರುವ ಕಾಲವನ್ನೂ ಆರಿಸಿಕೊಳ್ಳಬಹುದು: ಹಿಂಗಾರಿ ಜೋಳ, ಕಡಲೆಯ ರಾಶಿ ಮುಗಿದ ಮೇಲೆ ಕೈ ಸ್ವಲ್ಪ ಬಿಡುವಾಗುತ್ತದೆ, ರಾತ್ರಿಯ ಚಳಿ ಇಳಿದಿರುತ್ತದೆ, ಕಣದ ಸುತ್ತ ಉದುರಿದ ಕಾಳೂ ಇರುತ್ತದೆ. ಮರಿಗಳನ್ನು ಮೊದಲ ನಾಲ್ಕು ವಾರ ಒಂದು ಕಡೆ ಸಾಕಿ ಆಮೇಲೆ ಮನೆಮನೆಗೆ ಕೊಡುವ ತಾಯಿ ಘಟಕದ ಪದ್ಧತಿ ಸರ್ಕಾರದ ಗ್ರಾಮೀಣ ಹಿತ್ತಲ ಕೋಳಿ ಯೋಜನೆಯಲ್ಲೇ ಇತ್ತು. ಊರಿಗೊಬ್ಬರು ಇದನ್ನೇ ಕಸುಬಾಗಿ ಮಾಡಿ, ಎಂಟು ವಾರದವರೆಗೆ ಸಾಕಿ, ಲಸಿಕೆ ಮುಗಿಸಿ ಮಾರಿದರೆ ಮರಿಯ ಬೆಲೆ ಏರುತ್ತದೆ ನಿಜ. ಸತ್ತ ಮರಿಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದರೆ ಅದು ದುಬಾರಿಯಲ್ಲ.

ಎಲ್ಲಕ್ಕಿಂತ ಅಗ್ಗದ ದಾರಿ ಜವಾರಿ ಹ್ಯಾಟೆಯೇ. ಗಿರಿರಾಜ ತಂದವರು ಜವಾರಿಯನ್ನು ಪೂರ್ತಿ ಮಾರಿಬಿಡುವುದು ನಷ್ಟದ ಕೆಲಸ. ಕಾವಿಗೆ ಕೂತ ಜವಾರಿ ಹ್ಯಾಟೆ ಮನೆಯಲ್ಲಿದ್ದು, ಅದರ ಮೊಟ್ಟೆ ಒಡೆಯುವ ದಿನಕ್ಕೆ ಸರಿಯಾಗಿ ಒಂದೆರಡು ದಿನದ ಮರಿ ಸಿಕ್ಕರೆ, ಕತ್ತಲಲ್ಲಿ ಸದ್ದಿಲ್ಲದೆ ರೆಕ್ಕೆಯ ಕೆಳಗೆ ಸರಿಸಬೇಕು. ಹತ್ತು ಹನ್ನೆರಡು ಮರಿಯನ್ನು ಒಂದು ಹ್ಯಾಟೆ ತನ್ನವೆಂದೇ ಸಾಕುತ್ತದೆ. ಬೆಳಿಗ್ಗೆ ಅದು ಯಾವುದನ್ನಾದರೂ ಕುಕ್ಕಿ ದೂರ ಮಾಡುತ್ತಿದೆಯೇ ಎಂದು ನೋಡಬೇಕು. ವಾರ ದಾಟಿದ ಮರಿಯನ್ನಂತೂ ಈ ರೀತಿ ಸೇರಿಸಲು ಹೋಗಬಾರದು: ಹ್ಯಾಟೆಯೂ ಒಪ್ಪುವುದಿಲ್ಲ, ಮರಿಗೂ ತಾಯಿಯ ಹಿಂದೆ ಹೋಗುವ ಹುಕಿ ಅಷ್ಟರಲ್ಲಿ ಆರಿರುತ್ತದೆ. ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತಾಲ್ಲೂಕಿಗೊಂದು ಪಶು ಆಸ್ಪತ್ರೆ ಇದೆ. ಮರಿ ಕೇಳಿಕೊಂಡು ಬಂದವರಿಗೆ ಅಲ್ಲಿಯವರು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಮರಿ ಬೇಕು ಎಂಬುದಲ್ಲ, ಮನೆಯಲ್ಲಿ ಕಾವಿಗೆ ಕೂತ ಹ್ಯಾಟೆ ಎಷ್ಟಿವೆ, ಅವು ಏಳುವುದು ಯಾವ ದಿನ ಎಂಬುದು. ಅದನ್ನು ಕೇಳಿ ಮರಿ ಕೊಡುವ ದಿನವನ್ನು ಗೊತ್ತುಮಾಡಿದರೆ ಬಲ್ಬಿನ ಖರ್ಚೂ ಬೇಡ, ಬುಟ್ಟಿಯ ಕಾವಲೂ ಬೇಡ; ಲಸಿಕೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆ ಹ್ಯಾಟೆ ನೋಡಿಕೊಳ್ಳುತ್ತದೆ.