ಹತ್ತು ವರ್ಷ, ಹತ್ತು ಆಲ್ಬಂ: ಫೆಲ್ಟ್ ಎಂಬ ಬ್ಯಾಂಡ್

ಇಂಗ್ಲೆಂಡಿನ ಫೆಲ್ಟ್ ಬ್ಯಾಂಡಿನ ಮೊದಲ ಸಿಂಗಲ್ ಬಂದದ್ದು 1979ರಲ್ಲಿ, ಕೊನೆಯ ಆಲ್ಬಂ 1989ರಲ್ಲಿ. ಹತ್ತು ವರ್ಷದಲ್ಲಿ ಹತ್ತು ಆಲ್ಬಂ, ಹತ್ತು ಸಿಂಗಲ್. ಲೆಕ್ಕ ತುಂಬಿದ ಕೂಡಲೇ ಬ್ಯಾಂಡ್ ಮುಗಿಯಿತು. ಆಮೇಲೆ ಅದು ಮತ್ತೆ ಒಂದಾಗಲಿಲ್ಲ. ಹಳೆಯ ಬ್ಯಾಂಡುಗಳೆಲ್ಲ ಇಪ್ಪತ್ತು ಮೂವತ್ತು ವರ್ಷದ ನಂತರ ಕೂಡಿಕೊಂಡು ಊರೂರು ಸುತ್ತುವ ಈ ಕಾಲದಲ್ಲೂ ಫೆಲ್ಟ್ ವೇದಿಕೆಗೆ ಮರಳಿಲ್ಲ.

ಈ ಲೆಕ್ಕದ ಹಿಂದೆ ಇದ್ದವರು ಬ್ಯಾಂಡಿನ ಹಾಡುಗಾರ ಲಾರೆನ್ಸ್. ಅವರು ಬಳಸುವುದು ಅದೊಂದೇ ಹೆಸರು. ಆರಂಭದಿಂದಲೇ ತನ್ನ ಯೋಜನೆ ಹೀಗಿತ್ತು ಎಂದು ಅವರು ಹೇಳುತ್ತ ಬಂದಿದ್ದಾರೆ. ಹದಿಹರೆಯದ ಹುಡುಗನೊಬ್ಬ ಮುಂದಿನ ಹತ್ತು ವರ್ಷವನ್ನು ಇಷ್ಟು ಕರಾರುವಾಕ್ಕಾಗಿ ಬರೆದಿಟ್ಟಿದ್ದನೇ ಅಥವಾ ಲೆಕ್ಕ ನಡುದಾರಿಯಲ್ಲಿ ಹೊಳೆಯಿತೇ ಎಂಬುದು ನನಗೆ ಮುಖ್ಯವಲ್ಲ. ಕವಿ ಮೊದಲು ಛಂದಸ್ಸನ್ನು ಆರಿಸಿಕೊಂಡು ಅದರೊಳಗೆ ಕಾವ್ಯ ಕಟ್ಟುವ ಹಾಗೆ, ಒಂದು ಬ್ಯಾಂಡ್ ತನ್ನ ಆಯುಸ್ಸಿಗೇ ಅಳತೆ ಹಾಕಿಕೊಂಡಿತು, ಕೊನೆಗೆ ಅದಕ್ಕೆ ಬದ್ಧವಾಗಿಯೂ ಉಳಿಯಿತು. ಜನಪ್ರಿಯ ಸಂಗೀತದಲ್ಲಿ ಇಂಥ ಶಿಸ್ತು ಬಹಳ ಅಪರೂಪ.

ಲಾರೆನ್ಸ್ ಬೆಳೆದದ್ದು ಬರ್ಮಿಂಗ್‌ಹ್ಯಾಮ್ ಪಕ್ಕದ ವಾಟರ್ ಆರ್ಟನ್ ಎಂಬ ಹಳ್ಳಿಯಲ್ಲಿ. ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ನಗರ. ಬ್ಲ್ಯಾಕ್ ಸಬ್ಬಾತ್ ಅಲ್ಲಿಂದಲೇ ಹೊರಟು ಹೆವಿ ಮೆಟಲ್‌ಗೆ ಅಡಿಪಾಯ ಹಾಕಿತ್ತು. ಫೆಲ್ಟ್ ಕಣ್ಣುಬಿಡುತ್ತಿದ್ದ ಹೊತ್ತಿಗೆ ಅದೇ ಊರಿನ ಡ್ಯುರಾನ್ ಡ್ಯುರಾನ್ ಜಗತ್ತಿನ ಟಿ.ವಿ. ಪರದೆಗಳನ್ನು ಆಳಲು ಸಜ್ಜಾಗುತ್ತಿತ್ತು. ಲಾರೆನ್ಸ್ ಮನಸ್ಸು ಮಾತ್ರ ನ್ಯೂಯಾರ್ಕಿನ ಟೆಲಿವಿಷನ್ ಬ್ಯಾಂಡಿನಲ್ಲಿ, ಅದರ ಹಾಡುಗಾರ ಟಾಮ್ ವರ್ಲೇನ್‌ನಲ್ಲಿ ನೆಟ್ಟಿತ್ತು. ಮೊದಲ ಸಿಂಗಲ್ 'ಇಂಡೆಕ್ಸ್' ಅನ್ನು ಅವರು ಒಬ್ಬರೇ, ಮಲಗುವ ಕೋಣೆಯಲ್ಲಿ, ಸಾಮಾನ್ಯ ಕ್ಯಾಸೆಟ್ ರೆಕಾರ್ಡರಿನಲ್ಲಿ ಮುದ್ರಿಸಿಕೊಂಡು ತಾವೇ ಪ್ರಕಟಿಸಿದರು.

ಅಂದಿನ ಬ್ರಿಟನ್ನಿನಲ್ಲಿ ಹೀಗೆ ಮಾಡಲು ದಾರಿ ತೆರೆದದ್ದು ಪಂಕ್. 1977ರ ಆರಂಭದಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಬ್ಯಾಂಡ್ ಸ್ವಂತ ಖರ್ಚಿನಲ್ಲಿ ರೆಕಾರ್ಡ್ ಹೊರತಂದು ತೋರಿಸಿತು. ಅಲ್ಲಿಂದ ಮುಂದೆ ಊರೂರಲ್ಲಿ ಸಣ್ಣ ಸಣ್ಣ ಕಂಪನಿಗಳು ಹುಟ್ಟಿಕೊಂಡವು. ದೊಡ್ಡ ಕಂಪನಿಗಳ ವಿತರಣೆಯನ್ನು ನೆಚ್ಚದೆ ಅಂಗಡಿ ತಲುಪುವ ರೆಕಾರ್ಡುಗಳಿಗಾಗಿಯೇ 1980ರಲ್ಲಿ ಪ್ರತ್ಯೇಕ ಇಂಡಿ ಚಾರ್ಟ್ ಶುರುವಾಯಿತು. ಫೆಲ್ಟ್ ತನ್ನ ಇಡೀ ಬಾಳನ್ನು ಈ ಸಣ್ಣ ಕಂಪನಿಗಳ ಲೋಕದಲ್ಲೇ ಕಳೆಯಿತು: ಮೊದಲು ಚೆರ್ರಿ ರೆಡ್, ಆಮೇಲೆ ಕ್ರಿಯೇಷನ್, ಕೊನೆಯ ಆಲ್ಬಂಗೆ ಎಲ್ ರೆಕಾರ್ಡ್ಸ್.

ಬ್ಯಾಂಡಿನ ಮೊದಲರ್ಧದ ಜೀವಾಳ ಗಿಟಾರ್ ವಾದಕ ಮಾರಿಸ್ ಡೀಬ್ಯಾಂಕ್. ಅವರು ಶಾಸ್ತ್ರೀಯ ಗಿಟಾರ್ ಕಲಿತವರು. ರಾಕ್ ಸಂಗೀತದಲ್ಲಿ ಗಿಟಾರ್ ಎಂದರೆ ಸಾಮಾನ್ಯವಾಗಿ ಒಟ್ಟೊಟ್ಟಿಗೆ ಮೀಟಿದ ತಂತಿಗಳ ಅಬ್ಬರ. ಡೀಬ್ಯಾಂಕ್ ಒಂದೊಂದು ಸ್ವರವನ್ನೂ ಬಿಡಿಸಿ, ಉದ್ದನೆಯ ಸುರುಳಿಗಳಾಗಿ ನುಡಿಸುತ್ತಿದ್ದರು. ಆ ಸ್ವರಗಳಿಗೆ ಅಡ್ಡಿಯಾಗಬಾರದೆಂದು ಡ್ರಮ್ಸ್ ನುಡಿಸುತ್ತಿದ್ದ ಗ್ಯಾರಿ ಏಂಜ್‌ಗೆ ಲಾರೆನ್ಸ್ ಒಂದು ಕಟ್ಟುಪಾಡು ಹಾಕಿದರು: ಸಿಂಬಲ್ ಮುಟ್ಟುವಂತಿಲ್ಲ. ಕಂಚಿನ ತಟ್ಟೆಗಳ ಝಣಝಣ ಇಲ್ಲದೆ ಡ್ರಮ್ಮಿನ ಚರ್ಮದ ಮೇಲಿನ ಗಂಭೀರ ಬಡಿತವಷ್ಟೇ ಉಳಿಯಿತು. 1982ರ 'ಕ್ರಂಬ್ಲಿಂಗ್ ದಿ ಆಂಟಿಸೆಪ್ಟಿಕ್ ಬ್ಯೂಟಿ' ಮತ್ತು 1984ರ 'ದಿ ಸ್ಪ್ಲೆಂಡರ್ ಆಫ್ ಫಿಯರ್' ಆಲ್ಬಂಗಳನ್ನು ಕೇಳಿದರೆ ಆ ಕಟ್ಟುಪಾಡಿನ ಫಲ ತಿಳಿಯುತ್ತದೆ. ಒಂದೊಂದರಲ್ಲೂ ಆರೇ ಆರು ರಚನೆಗಳು. ಎರಡನೆಯದರಲ್ಲಂತೂ ಹಾಡುವ ಧ್ವನಿಗೆ ಹೆಚ್ಚು ಕೆಲಸವೇ ಇಲ್ಲ, ಗಿಟಾರೇ ಎಲ್ಲವನ್ನೂ ಹೇಳಿಬಿಡುತ್ತದೆ. ಲಾರೆನ್ಸ್ ಬಾಯಿ ತೆರೆದಾಗಲೂ ಅದು ಅರ್ಧ ಹಾಡು, ಅರ್ಧ ಮಾತು.

1985ರಲ್ಲಿ ಬಂದ 'ಇಗ್ನೈಟ್ ದಿ ಸೆವೆನ್ ಕ್ಯಾನನ್ಸ್' ಆಲ್ಬಂಗೆ ಕಾಕ್ಟೋ ಟ್ವಿನ್ಸ್ ಬ್ಯಾಂಡಿನ ರಾಬಿನ್ ಗಥ್ರಿ ನಿರ್ಮಾಪಕರಾದರು. ಅದೇ ಬ್ಯಾಂಡಿನ ಎಲಿಜಬೆತ್ ಫ್ರೇಜರ್ 'ಪ್ರಿಮಿಟಿವ್ ಪೇಂಟರ್ಸ್' ಹಾಡಿಗೆ ದನಿಗೂಡಿಸಿದರು. ಲಾರೆನ್ಸ್‌ರ ಸಪ್ಪೆ ದನಿಯ ಹಿಂದಿನಿಂದ ಫ್ರೇಜರ್ ದನಿ ಮೇಲೇರುವ ಆ ಘಳಿಗೆ ಎಂಬತ್ತರ ದಶಕದ ಬ್ರಿಟಿಷ್ ಸಂಗೀತದ ಅತ್ಯುತ್ತಮ ಘಳಿಗೆಗಳಲ್ಲೊಂದು. ಹಾಡು ಇಂಡಿ ಚಾರ್ಟಿನ ಮೊದಲ ಸ್ಥಾನಕ್ಕೇರಿತು. ಫೆಲ್ಟ್ ಕಂಡ ದೊಡ್ಡ ಯಶಸ್ಸು ಅದೇ. ಆ ಆಲ್ಬಂ ಮುಗಿದ ಮೇಲೆ ಡೀಬ್ಯಾಂಕ್ ಬ್ಯಾಂಡ್ ಬಿಟ್ಟರು.

ಬೇರೆ ಯಾವ ಬ್ಯಾಂಡಾದರೂ ಅಲ್ಲಿಗೆ ಕುಸಿದುಬೀಳುತ್ತಿತ್ತು. ಆದರೆ ಅಷ್ಟರಲ್ಲಿ ಮಾರ್ಟಿನ್ ಡಫಿ ಎಂಬ ಹುಡುಗ ಕೀಬೋರ್ಡ್ ನುಡಿಸಲು ಸೇರಿಕೊಂಡಿದ್ದ. ಗಿಟಾರ್ ಬಿಟ್ಟುಹೋದ ಜಾಗವನ್ನು ಡಫಿಯ ಹ್ಯಾಮಂಡ್ ಆರ್ಗನ್ ತುಂಬಿತು, ಬ್ಯಾಂಡಿನ ಬಣ್ಣವೇ ಬದಲಾಯಿತು. ಮಂಜು ಕವಿದಂತಿದ್ದ ಸಂಗೀತಕ್ಕೆ ಬಿಸಿಲು ಬಂತು. ಕ್ರಿಯೇಷನ್ ಕಂಪನಿಗೆ ಬಂದ ಮೇಲಿನ 1986ರ 'ಫಾರೆವರ್ ಬ್ರೀದ್ಸ್ ದಿ ಲೋನ್ಲಿ ವರ್ಡ್' ಆಲ್ಬಂನ ಮುಖಪುಟದಲ್ಲಿರುವುದು ಡಫಿಯ ಮುಖವೇ. ಲಾರೆನ್ಸ್‌ರ ಹಾಡುಗಳಲ್ಲಿರುವ ಒಂಟಿತನ, ಸಾವಿನ ಯೋಚನೆ, ಜನರ ಬಗೆಗಿನ ಅಪನಂಬಿಕೆ ಇಲ್ಲೂ ಇವೆ. ಆದರೆ ಕೇಳುವವರ ಎದೆ ಭಾರವಾಗುವುದಿಲ್ಲ, ಆರ್ಗನ್ ಎತ್ತಿಕೊಂಡು ಹೋಗುತ್ತದೆ. ಫೆಲ್ಟ್‌ನ ಹತ್ತರಲ್ಲಿ ನನ್ನ ಆಯ್ಕೆ ಇದೇ.

ಉಳಿದವುಗಳಲ್ಲಿ ಎಲ್ಲವೂ ಅಷ್ಟೇ ಎತ್ತರದವಲ್ಲ. ಅದೇ 1986ರಲ್ಲಿ ಹಾಡೇ ಇಲ್ಲದ ಪುಟ್ಟ ಪುಟ್ಟ ವಾದ್ಯರಚನೆಗಳ ಆಲ್ಬಂ ಒಂದು ಬಂತು. 1988ರ ಒಂದು ಆಲ್ಬಂನ ಅರ್ಧಭಾಗ ಚುಟುಕಾದ ಪಾಪ್ ಹಾಡುಗಳು, ಇನ್ನರ್ಧ ಡಫಿಯ ಕೀಬೋರ್ಡ್. ಅದೇ ವರ್ಷದ 'ಟ್ರೇನ್ ಅಬೋವ್ ದಿ ಸಿಟಿ' ಇನ್ನೂ ವಿಚಿತ್ರ. ಅದರಲ್ಲಿ ಲಾರೆನ್ಸ್ ಹಾಡಿಲ್ಲ, ಯಾವ ವಾದ್ಯವನ್ನೂ ನುಡಿಸಿಲ್ಲ. ಡಫಿ ಮತ್ತು ಏಂಜ್ ಜಾಝ್ ಶೈಲಿಯಲ್ಲಿ ನುಡಿಸಿದ್ದಕ್ಕೆ ಹೆಸರುಗಳನ್ನಷ್ಟೇ ಇಟ್ಟರು. ಆ ಆಲ್ಬಂ ನನಗೆ ರುಚಿಸಿಲ್ಲ. ಆದರೂ ತನ್ನ ಬ್ಯಾಂಡಿನ ಹತ್ತರಲ್ಲಿ ಒಂದನ್ನು ಪೂರ್ತಿಯಾಗಿ ಜೊತೆಗಾರರ ಕೈಗಿತ್ತ ಆ ಧೈರ್ಯ ದೊಡ್ಡದು.

ಇಷ್ಟಾದರೂ ಫೆಲ್ಟ್ ಯಾಕೆ ಹೆಸರಾಗಲಿಲ್ಲ? ಜನಪ್ರಿಯತೆಗೆ ಬೆನ್ನು ತಿರುಗಿಸಿದ ಕಲಾವಿದ ಎಂದು ಲಾರೆನ್ಸ್‌ರನ್ನು ಹೊಗಳುವುದು ಸುಲಭ, ಆದರೆ ಅದು ಸುಳ್ಳು. ಅವರಿಗೆ ಪ್ರಸಿದ್ಧಿ ಬೇಕಿತ್ತು. ತಾರೆಯಾಗಬೇಕೆಂಬ ಆಸೆಯನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಆದರೆ ಸಿಂಬಲ್ ಬೇಡ ಎಂದ ಮನುಷ್ಯ, ಜನ ಗುರುತಿಸತೊಡಗಿದ ಶೈಲಿಯನ್ನು ಮರುವರ್ಷವೇ ಬಿಟ್ಟುಕೊಡುವ ಮನುಷ್ಯ, ಪ್ರಸಿದ್ಧಿ ಕೇಳುವ ರಾಜಿಗಳಿಗೆ ಸಿದ್ಧನಿರಲಿಲ್ಲ. ಆಸೆಯೂ ಹಟವೂ ಒಂದೇ ತೂಕದ್ದಾಗಿದ್ದವು.

ಹಣೆಬರಹವೂ ಕೈಕೊಟ್ಟಿತು. ಫೆಲ್ಟ್ ನಂತರ ಅವರು ಕಟ್ಟಿದ ಡೆನಿಮ್ ಬ್ಯಾಂಡ್ 1992ರಲ್ಲಿ, ಲಾರೆನ್ಸ್ ಬೆಳೆದ ಎಪ್ಪತ್ತರ ದಶಕದ ಇಂಗ್ಲೆಂಡನ್ನು ನೆನೆಯುವ 'ಬ್ಯಾಕ್ ಇನ್ ಡೆನಿಮ್' ಆಲ್ಬಂ ತಂದಿತು. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಹಲವು ಬ್ಯಾಂಡುಗಳು ಅದೇ ಜಾಡು ಹಿಡಿದು ಹಣ ಮಾಡಿದವು. 1997ರಲ್ಲಿ ಡೆನಿಮ್‌ಗೆ ಗೆಲ್ಲುವ ಒಂದು ಅವಕಾಶ ಒದಗಿತು. ಇಎಂಐನಂಥ ದೊಡ್ಡ ಕಂಪನಿ 'ಸಮರ್ ಸ್ಮ್ಯಾಷ್' ಎಂಬ ಸಿಂಗಲ್ ಬಿಡುಗಡೆಗೆ ಸಿದ್ಧಮಾಡಿತ್ತು. ಆಗಸ್ಟ್ 31ರಂದು ಪ್ಯಾರಿಸ್‌ನಲ್ಲಿ ಕಾರು ಅಪಘಾತದಲ್ಲಿ ರಾಜಕುಮಾರಿ ಡಯಾನಾ ತೀರಿಕೊಂಡರು. ಅಪ್ಪಳಿಸುವಿಕೆಯನ್ನೂ ಸೂಚಿಸುವ ಆ ಶೀರ್ಷಿಕೆಯ ಹಾಡನ್ನು ಶೋಕದಲ್ಲಿದ್ದ ದೇಶದ ಮುಂದಿಡಲಾಗದೆ ಕಂಪನಿ ಹಿಂತೆಗೆದುಕೊಂಡಿತು.

ಲಾರೆನ್ಸ್‌ರ ಮುಂದಿನ ವರ್ಷಗಳು ಬಡತನದಲ್ಲಿ ಕಳೆದವು. ಪಾಲ್ ಕೆಲ್ಲಿ ನಿರ್ದೇಶನದ 2011ರ ಸಾಕ್ಷ್ಯಚಿತ್ರ 'ಲಾರೆನ್ಸ್ ಆಫ್ ಬೆಲ್‌ಗ್ರೇವಿಯಾ' ಆ ದಿನಗಳನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಆದರೂ ಅವರು ಹಾಡು ಬರೆಯುವುದನ್ನು ಬಿಡಲಿಲ್ಲ. ಗೋ-ಕಾರ್ಟ್ ಮೊಜಾರ್ಟ್, ಆಮೇಲೆ ಮೊಜಾರ್ಟ್ ಎಸ್ಟೇಟ್ ಎಂಬ ಹೆಸರುಗಳಲ್ಲಿ ಆಲ್ಬಂಗಳು ಬರುತ್ತಲೇ ಇದ್ದವು. 2024ರಲ್ಲಿ ಲೇಖಕ ವಿಲ್ ಹಾಡ್ಜ್‌ಕಿನ್ಸನ್ ಲಾರೆನ್ಸ್ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಡಫಿಗೆ ದೊಡ್ಡ ವೇದಿಕೆ ಸಿಕ್ಕಿತು: ಅವರು ಪ್ರೈಮಲ್ ಸ್ಕ್ರೀಮ್ ಬ್ಯಾಂಡ್ ಸೇರಿದರು, 1996ರಲ್ಲಿ ನೆಬ್‌ವರ್ತ್‌ನಲ್ಲಿ ಓಯಸಿಸ್ ನಡೆಸಿದ ಬೃಹತ್ ಕಾರ್ಯಕ್ರಮದಂದು, ಶಾರ್ಲಟನ್ಸ್ ಬ್ಯಾಂಡಿನ ಆಗಷ್ಟೇ ತೀರಿಕೊಂಡಿದ್ದ ವಾದಕರ ಜಾಗದಲ್ಲಿ ಕುಳಿತು ಕೀಬೋರ್ಡ್ ನುಡಿಸಿದರು. 2022ರ ಡಿಸೆಂಬರಿನಲ್ಲಿ ಅವರು ನಿಧನರಾದರು.

ಫೆಲ್ಟ್‌ನ ಪ್ರಭಾವ ಹರಿದದ್ದು ಕೇಳುಗರ ಸಂಖ್ಯೆಯಿಂದಲ್ಲ, ಕೇಳಿದವರ ತೀವ್ರತೆಯಿಂದ. ಗ್ಲಾಸ್ಗೋದ ಬೆಲ್ ಅಂಡ್ ಸೆಬಾಸ್ಟಿಯನ್ ಬ್ಯಾಂಡಿನ ಸ್ಟುವರ್ಟ್ ಮರ್ಡಾಕ್ ಫೆಲ್ಟ್‌ನ ಕಟ್ಟಾ ಅಭಿಮಾನಿ. ಮೆಲುದನಿಯಲ್ಲಿ, ಸಂಕೋಚದ ಮಾತನ್ನೇ ಹಾಡಾಗಿಸಿ ಗೆದ್ದ ಅನೇಕ ಬ್ಯಾಂಡುಗಳಲ್ಲಿ ಲಾರೆನ್ಸ್‌ರ ಛಾಯೆ ಕಾಣುತ್ತದೆ.

ಚೆರ್ರಿ ರೆಡ್ ಕಂಪನಿ 2018ರಲ್ಲಿ ಹತ್ತೂ ಆಲ್ಬಂಗಳನ್ನು ಮತ್ತೆ ಹೊರತಂದಿತು. ಹೊಸದಾಗಿ ಕೇಳುವವರು ಮೊದಲು 'ಪ್ರಿಮಿಟಿವ್ ಪೇಂಟರ್ಸ್' ಕೇಳಬೇಕು, ಆಮೇಲೆ 'ಫಾರೆವರ್ ಬ್ರೀದ್ಸ್ ದಿ ಲೋನ್ಲಿ ವರ್ಡ್' ಅನ್ನು ಮೊದಲಿನಿಂದ ಕೊನೆಯವರೆಗೆ. ಅದರಲ್ಲಿರುವುದು ಎಂಟೇ ಹಾಡು. ಹಿಡಿಸಿದರೆ 'ದಿ ಸ್ಪ್ಲೆಂಡರ್ ಆಫ್ ಫಿಯರ್' ಕಡೆಗೆ ಹಿಂದಿರುಗಿ, ಡೀಬ್ಯಾಂಕ್‌ರ ಗಿಟಾರಿಗೆ ಕಿವಿಗೊಡಿ.