ಪಟ್ಲಿ ಗ್ರಾಮದ ರಸಪರೀಕ್ಷೆ

ತನ್ನ ಮಜ್ಜಿಗೆ ಹುಳಿಯೆಂದು ಯಾರೂ ಹೇಳಿಕೊಳ್ಳರೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಅದು ಹುಳಿಯೆಂಬುದು ಮಾಡಿದವನಿಗೆ ತಿಳಿಯದೆಯೇ ಹೋಗುವುದೂ ಉಂಟು. ಆಗ ಅದನ್ನು ಹೇಳತಕ್ಕವರು ಯಾರು? ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರವನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ವೇಲ್ಸ್ ದೇಶದ ಗಡಿಗೆ ತಗಲಿಕೊಂಡಿರುವ ಹೆರಿಫರ್ಡ್‌ಷೈರ್ ಸೀಮೆಯಲ್ಲಿ, ಲೆಡ್‌ಬರಿ ಪಟ್ಟಣಕ್ಕೆ ಸಮೀಪವಾಗಿ ಪಟ್ಲಿ ಎಂಬ ಗ್ರಾಮವಿದೆ. ಸುತ್ತಲೂ ಹಣ್ಣಿನ ತೋಪುಗಳು. ಸೇಬಿನ ರಸವನ್ನು ಹುದುಗಿಸಿದರೆ ಸೈಡರ್. ಮರಸೇಬೆಂದು ನಾವು ಕರೆಯುವ ಪೇರ್ ಹಣ್ಣಿನ ರಸವನ್ನು ಹುದುಗಿಸಿದರೆ ಪೆರಿ. ಈ ಸೀಮೆಯ ಸೇಬು, ಪೇರುಗಳನ್ನು ಕುರಿತು ಥಾಮಸ್ ಆಂಡ್ರೂ ನೈಟ್ ಎಂಬ ವಿದ್ವಾಂಸರು 1811ರಷ್ಟು ಹಿಂದೆಯೇ ಚಿತ್ರಸಹಿತವಾದ ಗ್ರಂಥವೊಂದನ್ನು ಪ್ರಕಟಿಸಿದ್ದರು.

ಇವು ನಾವು ಅಂಗಡಿಯಲ್ಲಿ ಕೊಳ್ಳುವ ಹಣ್ಣುಗಳಲ್ಲ. ಕಚ್ಚಿದರೆ ಬಾಯೆಲ್ಲ ಒಗರು. ಆ ಒಗರೇ ರಸಕ್ಕೆ ಮೈಕಟ್ಟನ್ನು ಕೊಡುವುದು. ಪೇರಿನಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಅರಗಿಸಿಕೊಳ್ಳಲಾರದ ಸಾರ್ಬಿಟಾಲ್ ಎಂಬ ಸಿಹಿಯುಂಟಾದುದರಿಂದ ಪೆರಿಯಲ್ಲಿ ಕೊನೆಗೂ ನಸುಸಿಹಿ ಉಳಿಯುತ್ತದೆ. ಪೇರ್ ಮರವು ಫಲಕ್ಕೆ ಬರುವುದು ನಿಧಾನ, ಬಾಳುವುದು ನೂರಾರು ವರ್ಷ. ವಾರಸುದಾರರಿಗಾಗಿ ಪೇರ್ ನೆಡು ಎಂಬ ನಾಣ್ಣುಡಿ ಇಂಗ್ಲಿಷರಲ್ಲಿ ಹುಟ್ಟಿದ್ದು ಸುಮ್ಮನಲ್ಲ.

ಶರತ್ಕಾಲದಲ್ಲಿ ಹಿಂಡಿದ ರಸವು ಚಳಿಗಾಲವೆಲ್ಲ ಪೀಪಾಯಿಗಳಲ್ಲಿ ಹುದುಗಿ, ತೋಪುಗಳು ಹೂಬಿಡುವ ಮೇ ತಿಂಗಳಿಗೆ ಸಿದ್ಧವಾಗುತ್ತದೆ. ಪಟ್ಲಿಯ ಗ್ರಾಮಮಂದಿರದಲ್ಲಿ ‘ಬಿಗ್ ಆಪಲ್’ ಸಂಘದವರು ನಡೆಸುವ ಪಂದ್ಯದ ಕಾಲವೂ ಅದೇ. ಒಣರಸ, ನಡುಸಿಹಿ, ಸಿಹಿ ಎಂದು ತರಗತಿಗಳುಂಟು. ಸೀಸೆಯಲ್ಲಿಯೇ ಎರಡನೆಯ ಬಾರಿ ಹುದುಗಿ ನೊರೆಗಟ್ಟುವ ರಸಕ್ಕೆ ಪ್ರತ್ಯೇಕ ತರಗತಿ. ದೊಡ್ಡ ತಯಾರಕರೂ ಮನೆಯ ಮಟ್ಟಿಗೆ ಹಿಂಡುವ ಒಕ್ಕಲಿಗರೂ ಒಂದೇ ಮೇಜಿಗೆ ಬರುತ್ತಾರೆ. ಈ ಪಂದ್ಯದ ವಿಶೇಷವೆಂದರೆ, ಸ್ಪರ್ಧಿಗಳೇ ಇಲ್ಲಿ ಪರೀಕ್ಷಕರು. ಯಾರದೆಂದು ತಿಳಿಯದ ರಸವನ್ನು ಬಣ್ಣ ನೋಡಿ, ಮೂಸಿ, ರುಚಿ ನೋಡಿ ಗುಣವನ್ನು ನಿರ್ಣಯಿಸುತ್ತಾರೆ.

ಪ್ರತಿಸ್ಪರ್ಧಿಯ ಕೈಯಲ್ಲಿ ತಕ್ಕಡಿಯನ್ನು ಕೊಡುವುದು ಅವಿವೇಕವಲ್ಲವೆ ಎಂದು ವಾಚಕರು ಕೇಳಬಹುದು. ಇದಕ್ಕೆ ಸಮಾಧಾನವು ಆ ಕಸುಬಿನೊಳಗೇ ಇದೆ. ಸೈಡರಿಗೆ ತಗಲುವ ದೋಷಗಳಲ್ಲಿ ಇಲಿವಾಸನೆ ಎಂಬುದೊಂದು. ಅದು ಮೂಗಿಗೆ ತಿಳಿಯುವುದಿಲ್ಲ. ನಾಲಗೆಗೂ ಒಡನೆ ತಿಳಿಯುವುದಿಲ್ಲ. ರಸದ ಹುಳಿಯು ಆ ವಾಸನೆಯನ್ನು ಅಡಗಿಸಿಟ್ಟಿರುತ್ತದೆ. ಗುಟುಕು ಇಳಿದ ಮೇಲೆ ಜೊಲ್ಲು ಆ ಹುಳಿಯನ್ನು ತಗ್ಗಿಸಿದಾಗ, ಇಲಿಯ ಗೂಡಿನ ನಾತವು ಗಂಟಲಿನ ಹಿಂದೆ ಮೇಲೇಳುತ್ತದೆ. ಕೆಲವರಿಗಂತೂ ಇದು ಎಂದೂ ತಿಳಿಯುವುದೇ ಇಲ್ಲ. ಅಂತಹವನು ವರ್ಷಗಟ್ಟಲೆ ಕೆಟ್ಟ ರಸವನ್ನು ಒಳ್ಳೆಯದೆಂದು ನಂಬಿ ನೆರೆಯವರಿಗೆ ಬಡಿಸುತ್ತಿರಬಹುದು. ಅತಿಥಿಯು ದಾಕ್ಷಿಣ್ಯದಿಂದ ಸುಮ್ಮನಿರುತ್ತಾನೆ; ಕೊಳ್ಳುವವನು ಮತ್ತೆ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಹೇಳಬಲ್ಲವನು ಸಮಾನ ಕಸುಬಿನವನೊಬ್ಬನೇ. ಅಂತಹುದೇ ಪೀಪಾಯಿಯನ್ನು ತಾನೂ ಎಂದೋ ಚೆಲ್ಲಿದ್ದವನಿಗೆ, ದೋಷದ ಗುರುತೂ ಉಂಟು, ಕಷ್ಟದ ಅರಿವೂ ಉಂಟು.

ಪಾನವನ್ನು ಹೊಗಳುವುದು ನಮ್ಮ ಅಭಿಪ್ರಾಯವಲ್ಲ. ಅದರ ಕೇಡನ್ನು ನಮ್ಮ ಮನೆಗಳು ಬಲ್ಲವು. ನಾವು ಮೆಚ್ಚಿದ್ದು ಆ ಮೇಜಿನ ರೀತಿಯನ್ನು. ಅಲ್ಲಿ ಬಹುಮಾನವು ಕೆಲವರಿಗೆ ಮಾತ್ರ; ತನ್ನ ರಸವು ಹೇಗಿದೆಯೆಂಬ ನಿಜವು ಎಲ್ಲರಿಗೂ ದೊರೆಯಬಲ್ಲದು. ಮನೆಯಲ್ಲಾಗಲಿ ಕಸುಬಿನಲ್ಲಾಗಲಿ, ನಮ್ಮ ಮಜ್ಜಿಗೆ ಹುಳಿಯೆಂದು ಸ್ನೇಹದಿಂದ ಹೇಳುವವರು ಒಬ್ಬಿಬ್ಬರಿದ್ದರೆ ನಾವು ಭಾಗ್ಯವಂತರೆಂದೇ ತಿಳಿಯಬೇಕು.